ಸಕ್ಕರೆ ಕಾಯಿಲೆ: ಚೀಟಿಯಲ್ಲಿ ಬರೆಯದೇ ಉಳಿಯುವ ಪರೀಕ್ಷೆಗಳು

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ, ಬಿ.ಜಿ.ಕೆರೆ, ಕೋನಸಾಗರ, ಈ ಕಡೆಯ ಯಾವ ಊರಿನ ಯಾವ ಓಣಿಗೆ ಹೋದರೂ ಈಗ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಸಿಗುತ್ತಾರೆ. ಶುಗರ್ ಎಷ್ಟಿದೆ ಎಂದು ಕೇಳಿದರೆ ‘ಮೊನ್ನೆ ನೂರಾ ಎಂಬತ್ತಿತ್ತು’ ಎಂದು ತಡಮಾಡದೆ ಹೇಳುತ್ತಾರೆ. ಕಣ್ಣಿಗೆ ಔಷಧಿ ಬಿಟ್ಟು ಒಳಗಿನ ನರಪದರ ನೋಡಿದ್ದು ಯಾವಾಗ? ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿದ್ದು ಯಾವಾಗ? ಚಪ್ಪಲಿ ಬಿಡಿಸಿ ಅಂಗಾಲು ಮುಟ್ಟಿ ನೋಡಿದ್ದು ಯಾವಾಗ? ಇಷ್ಟು ಕೇಳಿದರೆ ಬಹಳಷ್ಟು ಜನರಲ್ಲಿ ಉತ್ತರ ಇರುವುದಿಲ್ಲ. ವರ್ಷಗಟ್ಟಲೆ ತಪ್ಪದೆ ಮಾತ್ರೆ ನುಂಗಿದವರಲ್ಲೂ ಇರುವುದಿಲ್ಲ.

ಸಕ್ಕರೆ ಕಾಯಿಲೆಗೆ ಹೀಗೆ ಹೀಗೆ ಚಿಕಿತ್ಸೆ ಕೊಡಬೇಕು ಎಂದು ಬರೆದಿಟ್ಟ ಮಾರ್ಗಸೂಚಿಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2018ರಲ್ಲಿ ಟೈಪ್ 2 ಮಧುಮೇಹಕ್ಕೆ ಇಂಥ ಮಾರ್ಗಸೂಚಿ ಹೊರತಂದಿತು. ಅಮೆರಿಕದ ಮಧುಮೇಹ ಸಂಘ ಪ್ರತಿವರ್ಷ ತನ್ನದನ್ನು ಪರಿಷ್ಕರಿಸುತ್ತದೆ. ಹೊಸ ಮಾತ್ರೆಗಳ ವಿಷಯದಲ್ಲಿ ಇವುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇರಬಹುದು. ರೋಗಿಗೆ ವರ್ಷದಲ್ಲಿ ಏನೇನು ನೋಡಬೇಕು ಎಂಬಲ್ಲಿ ಮಾತ್ರ ಹೆಚ್ಚಿನ ಭೇದವಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ), ಪ್ರತಿ ಭೇಟಿಯಲ್ಲೂ ಬಿಪಿ ಮತ್ತು ತೂಕ, ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರಪಿಂಡ, ಕೊಲೆಸ್ಟ್ರಾಲ್. ಇಷ್ಟು ಎಲ್ಲದರಲ್ಲೂ ಇದೆ.

ಇದರಲ್ಲಿ ಎಷ್ಟು ನಡೆಯುತ್ತಿದೆ? ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಸಮೀಕ್ಷೆ 2022ರಲ್ಲಿ ಒಂದು ಲೆಕ್ಕ ಕೊಟ್ಟಿತು. ತಮಗೆ ಮಧುಮೇಹ ಇದೆ ಎಂದು ಗೊತ್ತಿದ್ದವರಲ್ಲಿ ಸಕ್ಕರೆ ಹತೋಟಿಯಲ್ಲಿದ್ದವರು ಶೇ 36.3. ಬಿಪಿ ಹತೋಟಿಯಲ್ಲಿದ್ದವರು ಶೇ 48.8, ಕೆಟ್ಟ ಕೊಲೆಸ್ಟ್ರಾಲ್ ಹತೋಟಿಯಲ್ಲಿದ್ದವರು ಶೇ 41.5. ಮೂರೂ ಒಟ್ಟಿಗೆ ಹತೋಟಿಯಲ್ಲಿದ್ದವರು ಶೇ 7.7 ಮಾತ್ರ. ಇದು ವೈದ್ಯರ ಮೇಲಷ್ಟೇ ಹೊರಿಸುವ ಲೆಕ್ಕವಲ್ಲ. ಊಟ, ದುಡ್ಡು, ಬಸ್ಸು, ಮಾತ್ರೆ ಬಿಡುವ ಅಭ್ಯಾಸ ಎಲ್ಲವೂ ಇದರಲ್ಲಿ ಸೇರಿವೆ. ಆದರೂ ನೂರರಲ್ಲಿ ಎಂಟು ಜನ ಎನ್ನುವಾಗ ಚಿಕಿತ್ಸೆಯ ಕಡೆಗೂ ನೋಡಲೇಬೇಕಾಗುತ್ತದೆ. ಶ್ರೀಮಂತ ದೇಶಗಳೂ ಇದರಿಂದ ಹೊರತಲ್ಲ. ಅಮೆರಿಕದಲ್ಲಿ ರೋಗಿಗಳ ಕಡತಗಳನ್ನು ತೆಗೆದು ನೋಡಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಧುಮೇಹಿಗಳಿಗೆ ಶಿಫಾರಸಿನಂತೆ ಸಿಗಬೇಕಾದ ಆರೈಕೆಯಲ್ಲಿ ಸಿಕ್ಕಿದ್ದು ಶೇ 45ರಷ್ಟೇ.

ಡಾಕ್ಟರಿಗೆ ಗೊತ್ತಿಲ್ಲ ಎಂದು ಹೀಗಾಗುತ್ತದೆಯೇ? ಬಹುಪಾಲು ಅಲ್ಲ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಅವರ ಸಂಗಡಿಗರು ದೆಹಲಿಯಲ್ಲೂ ಮಧ್ಯಪ್ರದೇಶದ ಹಳ್ಳಿಗಳಲ್ಲೂ ನಡೆಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಒಂದಿದೆ: ಪ್ರಶ್ನೆ ಕೇಳಿದರೆ ವೈದ್ಯರು ಹೇಳುವ ಉತ್ತರಕ್ಕಿಂತ, ರೋಗಿ ಎದುರು ಕೂತಾಗ ಅವರು ಮಾಡುವ ಕೆಲಸ ಕಡಿಮೆ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಭಾರತದಲ್ಲಿ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷ. ಜ್ವರ, ಕೆಮ್ಮು, ಬಸುರಿ ತಪಾಸಣೆ, ನಾಯಿ ಕಡಿತ ಎಲ್ಲವನ್ನೂ ಒಬ್ಬರೇ ನೋಡಿ, ಮಧ್ಯಾಹ್ನ ಸಭೆಗೂ ಹೋಗಬೇಕಾದ ವೈದ್ಯಾಧಿಕಾರಿಗೆ ನೋವಿಲ್ಲದ ಅಂಗಾಲನ್ನು ಬಗ್ಗಿ ನೋಡಲು ಪುರುಸೊತ್ತು ಎಲ್ಲಿಂದ ಬರಬೇಕು? ರೋಗಿಯೂ ಹೇಳುವುದಿಲ್ಲ. ಕಣ್ಣು, ಮೂತ್ರಪಿಂಡ, ಪಾದ ಈ ಮೂರೂ ಕೆಡುವುದು ಸದ್ದಿಲ್ಲದೆ. ನೋವು ಹೇಳದ ಅಂಗ ಇಬ್ಬರ ನೆನಪಿಗೂ ಬರುವುದಿಲ್ಲ.

ಇದಕ್ಕೆ ಪರಿಹಾರ ಇದೆ, ಅದು ಪರೀಕ್ಷೆಗೆ ಒಳಪಟ್ಟೂ ಇದೆ. ಭಾರತ ಮತ್ತು ಪಾಕಿಸ್ತಾನದ 10 ಮಧುಮೇಹ ಕ್ಲಿನಿಕ್‌ಗಳಲ್ಲಿ 1,146 ರೋಗಿಗಳ ಮೇಲೆ ನಡೆದ ಕ್ಯಾರ್ಸ್ ಎಂಬ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಎರಡು ಸಂಗತಿ ಹೆಚ್ಚುವರಿ: ಮುಂದೇನು ಮಾಡಬೇಕು ಎಂದು ವೈದ್ಯರಿಗೆ ಸೂಚಿಸುವ ಕಂಪ್ಯೂಟರ್ ದಾಖಲೆ, ಮತ್ತು ರೋಗಿಯ ಬೆನ್ನು ಬಿದ್ದು ನೆನಪಿಸುವ ಒಬ್ಬ ಆರೈಕೆ ಸಂಯೋಜಕ. ಸುಮಾರು ಎರಡೂವರೆ ವರ್ಷದ ನಂತರ ಸಕ್ಕರೆಯ ಜೊತೆಗೆ ಬಿಪಿಯನ್ನೋ ಕೊಲೆಸ್ಟ್ರಾಲನ್ನೋ ಗುರಿ ಮುಟ್ಟಿಸಿದವರು ಎಂದಿನ ಚಿಕಿತ್ಸೆಯಲ್ಲಿ ಶೇ 8.1, ನೆನಪಿಸುವವರಿದ್ದ ಕಡೆ ಶೇ 18.2. ಎರಡು ಪಟ್ಟಿಗಿಂತ ಹೆಚ್ಚು.

ಈ ಅಧ್ಯಯನದಿಂದ ನಮ್ಮ ಊರಿನವರು ತೆಗೆದುಕೊಳ್ಳಬೇಕಾದದ್ದು ಆ ನೆನಪಿಸುವವರ ಪಾತ್ರವನ್ನು. ಮೊಳಕಾಲ್ಮುರಿನ ಹಳ್ಳಿಗಳಿಗೆ ಆರೈಕೆ ಸಂಯೋಜಕರು ಬರುವವರೆಗೆ ಕಾಯಬೇಕಿಲ್ಲ. ಮನೆಯಲ್ಲಿ ಓದು ಬಲ್ಲ ಮಗಳೋ ಸೊಸೆಯೋ ಮೊಮ್ಮಗನೋ ಆ ಕೆಲಸ ಮಾಡಬಹುದು. ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಹೆಸರು, ಕಾಯಿಲೆ ಪತ್ತೆಯಾದ ವರ್ಷ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಎಷ್ಟು ಮಿಲಿಗ್ರಾಂ, ಆಗದ ಔಷಧಿ ಯಾವುದಾದರೂ ಇದ್ದರೆ ಅದು. ಎರಡನೇ ಪುಟಕ್ಕೆ ಅಡ್ಡಗೆರೆ ಹಾಕಿ ಎಚ್‌ಬಿಎ1ಸಿ, ಬಿಪಿ, ಕಣ್ಣು, ಪಾದ, ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಕೊಲೆಸ್ಟ್ರಾಲ್ ಎಂದು ಬರೆದು ಎದುರಿಗೆ ಮಾಡಿಸಿದ ತಾರೀಕು ಮತ್ತು ಬಂದ ಅಂಕಿ. ಖಾಲಿ ಉಳಿದ ಸಾಲು ಯಾವುದೋ, ಡಾಕ್ಟರ ಹತ್ತಿರ ಕೇಳಬೇಕಾದದ್ದು ಅದನ್ನೇ. ಹಳೇ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಕೊಂಡು ಹೋದರೆ ಎರಡು ನಿಮಿಷದಲ್ಲಿ ಯಾವ ವೈದ್ಯರಿಂದಲೂ ಅದನ್ನು ಓದಲಾಗದು. ಈ ಪುಟವನ್ನು ಹತ್ತು ಸೆಕೆಂಡಿನಲ್ಲಿ ಓದಬಹುದು.

ಮೂರು ತಿಂಗಳ ಲೆಕ್ಕ

ನಾಳೆ ರಕ್ತ ಕೊಡಬೇಕು ಎಂದಾಗ ಇವತ್ತು ರಾತ್ರಿ ಅರ್ಧ ಮುದ್ದೆ ಉಣ್ಣುವವರು ಬಹಳ. ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿ ಬರುತ್ತದೆ, ಮಾತ್ರೆ ಹಾಗೇ ಮುಂದುವರಿಯುತ್ತದೆ, ಒಳಗೆ ಕಾಯಿಲೆ ಬೆಳೆಯುತ್ತದೆ. ಎಚ್‌ಬಿಎ1ಸಿ ಎರಡು-ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಒಂದು ರಾತ್ರಿಯ ಪಥ್ಯಕ್ಕೆ ಅದು ಬದಲಾಗದು. ಹೆಚ್ಚಿನ ವಯಸ್ಕರಿಗೆ ಗುರಿ ಶೇ 7ಕ್ಕಿಂತ ಕೆಳಗೆ. ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೀರ್ಘ ಅಧ್ಯಯನದ ಲೆಕ್ಕದಲ್ಲಿ ಈ ಅಂಕಿ ಒಂದು ಇಳಿದರೆ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆಯಿತ್ತು.

ರಕ್ತಹೀನತೆ ಇರುವವರು ಒಂದು ಮಾತು ನೆನಪಿಡಬೇಕು. ಕಬ್ಬಿಣದಂಶದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಹಿಮೋಗ್ಲೋಬಿನ್ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರುವುದು ಒಳ್ಳೆಯದು.

ಅಂಗಾಲು

ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಪಾದಕ್ಕೆ ಎಂದು ನನಗೆ ಅನಿಸುತ್ತದೆ. ಹೊಲದ ಬದುವಿನಲ್ಲೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳು ರಬ್ಬರ್ ಚಪ್ಪಲಿಯನ್ನೂ ತೂರುತ್ತದೆ. ಶೇಂಗಾ ಕೀಳುವಾಗ ಬರಿಗಾಲು. ಫಾಲ್ಗುಣದ ಬಿಸಿಲಲ್ಲಿ ನಾಯಕನಹಟ್ಟಿ ಜಾತ್ರೆಗೆ ಹೋದವರು ಹರಕೆ ಎಂದು ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಸ್ಪರ್ಶ ಸತ್ತ ಕಾಲಿಗೆ ಮುಳ್ಳು ಮುರಿದದ್ದೂ ತಿಳಿಯದು, ಬೊಬ್ಬೆ ಎದ್ದದ್ದೂ ತಿಳಿಯದು. ತಿಳಿಯುವುದು ಕಾಲುಚೀಲಕ್ಕೋ ಹಾಸಿಗೆಗೋ ಕೀವು ಅಂಟಿದಾಗ.

ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆ ಸರಳ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯಿತೇ ಎಂದು ಕೇಳುತ್ತಾರೆ. ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಮೂಳೆಗೆ ಇಟ್ಟು ನೋಡುತ್ತಾರೆ. ಪಾದದ ಮೇಲಿನ ನಾಡಿ ಹಿಡಿದು ರಕ್ತ ಹರಿಯುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಎಲ್ಲ ಸೇರಿ ಐದು ನಿಮಿಷ ಸಾಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಬ್ರಿಟನ್ನಿನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ರೂಪಿಸಿದ್ದು. ಅಜ್ಜಿಯನ್ನು ಮಂಚದ ಮೇಲೆ ಕಾಲು ಚಾಚಿ ಮಲಗಿಸಿ, ಕಣ್ಣು ಮುಚ್ಚಲು ಹೇಳಿ. ‘ಅಜ್ಜಿ, ಮುಟ್ಟಿದ ಕೂಡಲೇ ಎಡ ಇಲ್ಲಾ ಬಲ ಅಂತ ಹೇಳು’ ಎಂದು ಮೊದಲೇ ತಿಳಿಸಿ. ನಿಮ್ಮ ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಆಮೇಲೆ ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಬಲಗಾಲಿನ ಮತ್ತು ಎಡಗಾಲಿನ ನಡುಬೆರಳು, ಹೀಗೆ ಆರು ಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಚುಚ್ಚಬೇಡಿ, ತಿಳಿಯಲಿಲ್ಲ ಎಂದು ಅದೇ ಬೆರಳನ್ನು ಎರಡನೇ ಸಲ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ಅಂಥವರು ಮನೆಯೊಳಗೂ ಚಪ್ಪಲಿ ಹಾಕಬೇಕು. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಬೇಕು. ಬಗ್ಗಲಾಗದವರಿಗೆ ಇನ್ನೊಬ್ಬರು ನೋಡಿ ಹೇಳಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಕಾವು ಕೊಡುವುದು ಬೇಡವೇ ಬೇಡ. ಗಾಯಕ್ಕೆ ಅರಿಶಿನ ಮೆತ್ತಿ ವಾರ ಕಾಯುವ ಕಾಲ ಇದಲ್ಲ. ಸಕ್ಕರೆ ಕಾಯಿಲೆಯವರ ಪಾದದ ಗಾಯವನ್ನು ಅದೇ ದಿನ ಇಲ್ಲವೇ ಮರುದಿನ ತೋರಿಸಬೇಕು.

ಮೂತ್ರ ಮತ್ತು ನೋವಿನ ಗುಳಿಗೆ

ಮೂತ್ರಪಿಂಡದ ಪರೀಕ್ಷೆ ಎಂದರೆ ರಕ್ತದ ಕ್ರಿಯಾಟಿನಿನ್ ಒಂದೇ ಎಂದು ಹಲವರು ತಿಳಿದಿದ್ದಾರೆ. ಅದು ಏರುವ ಹೊತ್ತಿಗೆ ಹಾನಿ ಸಾಕಷ್ಟು ಆಗಿರುತ್ತದೆ. ಮೊದಲು ಸುಳಿವು ಕೊಡುವುದು ಮೂತ್ರದಲ್ಲಿ ಸೋರುವ ಆಲ್ಬುಮಿನ್. ಪಟ್ಟಿ ಅದ್ದಿ ನೋಡುವ ಮಾಮೂಲಿ ಮೂತ್ರ ಪರೀಕ್ಷೆಗೆ ಈ ಸಣ್ಣ ಸೋರಿಕೆ ಸಿಗುವುದಿಲ್ಲ. ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಎಂದೇ ಬರೆಸಿಕೊಳ್ಳಬೇಕು. ಅದು 30ಕ್ಕಿಂತ ಕೆಳಗಿದ್ದರೆ ಸರಿ. ಒಂದು ಸಲ ಹೆಚ್ಚು ಬಂತೆಂದು ಗಾಬರಿಯಾಗಬೇಕಿಲ್ಲ. ಜ್ವರ, ಮೂತ್ರದ ಸೋಂಕು ಇದ್ದಾಗಲೂ ಏರುತ್ತದೆ. ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ಮಾಡಲು ಕೆಲಸ ಇದೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ತರಹದ ಬಿಪಿ ಮಾತ್ರೆಗಳು ಸೋರಿಕೆ ತಗ್ಗಿಸುತ್ತವೆ. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳು ಮೂತ್ರಪಿಂಡವನ್ನೂ ಹೃದಯವನ್ನೂ ಕಾಯುತ್ತವೆ. ಇವು ಒಂದು ಕಾಲಕ್ಕೆ ದುಬಾರಿಯಾಗಿದ್ದವು. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದ ಮೇಲೆ ಬೆಲೆ ಇಳಿದಿದೆ. ‘ನನಗೆ ಇದು ಹೊಂದುತ್ತದೆಯೇ ಸಾರ್?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಗ್ಗದಲ್ಲಿ ಕೂತ ಸೊಂಟ, ಕಳೆ ಕಿತ್ತ ಮಂಡಿ ನೋಯದೆ ಇರುವುದಿಲ್ಲ. ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಗುಳಿಗೆ, ಊರೂರಿಗೆ ಬರುವವರಿಂದ ಹಾಕಿಸಿಕೊಂಡ ನೋವಿನ ಇಂಜೆಕ್ಷನ್ ಇಲ್ಲಿ ದಿನನಿತ್ಯದ ಮಾತು. ಮೊದಲೇ ಸೋತ ಮೂತ್ರಪಿಂಡಕ್ಕೆ ಇವು ಪೆಟ್ಟು. ಸ್ಟಿರಾಯ್ಡ್ ಇಂಜೆಕ್ಷನ್ ಆಗಿದ್ದರೆ ಸಕ್ಕರೆ ದಿನಗಟ್ಟಲೆ ಏರಿಯೇ ಇರುತ್ತದೆ. ನೋವಿಗೆ ಏನು ತೆಗೆದುಕೊಳ್ಳುತ್ತೀರಿ ಎಂಬುದನ್ನು ಶುಗರ್ ಡಾಕ್ಟರಿಗೆ ಮುಚ್ಚಿಡಬೇಡಿ.

ಕಣ್ಣಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸಬಹುದು. ಸಕ್ಕರೆ ಕಾಯಿಲೆಯಿಂದ ಕಣ್ಣಿಗಾಗುವ ಹಾನಿ ಹಿಡಿಯಲು ಕನ್ನಡಕದ ಅಂಗಡಿಯ ತಪಾಸಣೆಯಾಗಲಿ ಪೊರೆ ಹುಡುಕುವ ಶಿಬಿರವಾಗಲಿ ಸಾಲದು. ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹನಿ ಬಿಟ್ಟು ಪಾಪೆ ಹಿಗ್ಗಿಸಿ, ಇಲ್ಲವೇ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಅಕ್ಷಿಪಟಲ ನೋಡಬೇಕು. ಹನಿ ಬಿಟ್ಟ ಮೇಲೆ ಕೆಲವು ಗಂಟೆ ಮಸುಕು ಇರುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬೇಡಿ.

ಅದೇ ಮಾತ್ರೆ, ಅದೇ ಅಂಕಿ

ಪರೀಕ್ಷೆ ತಪ್ಪುವುದಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಎಚ್‌ಬಿಎ1ಸಿ ಎಂಟೂವರೆ ಬಂದಿದೆ. ಮುಂದಿನ ಸಲವೂ ಎಂಟೂವರೆ. ಅದರ ಮುಂದಿನ ಸಲ ಒಂಬತ್ತು. ಚೀಟಿಯಲ್ಲಿ ಮಾತ್ರ ಅದೇ ಮಾತ್ರೆ, ಅದೇ ಪ್ರಮಾಣ. ಮೂರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ ಚಿಕಿತ್ಸೆ ಬದಲಿಸಬೇಕು ಎಂಬುದು ಮಾರ್ಗಸೂಚಿಯ ಮಾತು. ‘ಇನ್ನೊಂದು ಸಲ ನೋಡೋಣ, ಪಥ್ಯ ಮಾಡ್ಲಿ’ ಎಂದು ವೈದ್ಯರು ಬಿಡುತ್ತಾರೆ. ‘ಹೊಸ ಮಾತ್ರೆ ಬರೀಬ್ಯಾಡ್ರಿ ಸಾರ್, ಬಾಯಿ ಕಟ್ತೀನಿ’ ಎಂದು ರೋಗಿ ಬೇಡುತ್ತಾರೆ. ಇಬ್ಬರೂ ಒಪ್ಪಿಕೊಂಡು ವರ್ಷಗಳನ್ನು ಕಳೆಯುತ್ತಾರೆ. ಈ ಕಾಯಿಲೆಯಲ್ಲಿ ಮೇದೋಜೀರಕದ ಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತದೆ. ಎರಡನೇ ಮಾತ್ರೆ, ಮೂರನೇ ಮಾತ್ರೆ, ಇನ್ಸುಲಿನ್ ಬೇಕಾಗುವುದು ಕಾಯಿಲೆಯ ಸ್ವಭಾವ. ರೋಗಿಯ ತಪ್ಪಿಗೆ ಕೊಡುವ ಶಿಕ್ಷೆ ಅದಲ್ಲ.

ಕೇಳುವುದಕ್ಕೆ ಉದ್ದನೆಯ ಭಾಷಣ ಬೇಕಿಲ್ಲ. ‘ಸಾರ್, ಮೂರು ಸಲದಿಂದ ಎಂಟರ ಮೇಲೇ ಇದೆ. ಏನಾದ್ರೂ ಬದಲಾಯಿಸಬೇಕಾ?’ ಎಂದರೆ ಸಾಕು. ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆಗೂ ಇದೇ ಮಾತು. 40 ದಾಟಿದ ಮಧುಮೇಹಿಗಳಿಗೆ ರಿಪೋರ್ಟ್ ನಾರ್ಮಲ್ ಎಂದಿದ್ದರೂ ಹೃದಯ ಕಾಯಲು ಅದನ್ನು ಶಿಫಾರಸು ಮಾಡುತ್ತಾರೆ. ಬಿಪಿಗೆ ಗುರಿ 130/80ಕ್ಕಿಂತ ಕೆಳಗೆ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಒಟ್ಟಿಗೆ ಹಿಡಿದು ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನದಲ್ಲಿ, ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದ್ದ 160 ರೋಗಿಗಳಲ್ಲಿ, ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳ ಅಪಾಯ ಅರ್ಧದಷ್ಟಕ್ಕೆ ಇಳಿದದ್ದು 2003ರಲ್ಲಿ ಪ್ರಕಟವಾಯಿತು.

ಅತಿಯಾದ ಚಿಕಿತ್ಸೆಯೂ ಮಾರ್ಗಸೂಚಿಗೆ ವಿರುದ್ಧವೇ. ಎಂಬತ್ತರ ಹತ್ತಿರದ, ಒಂಟಿಯಾಗಿರುವ, ಹೃದಯವೋ ಮೂತ್ರಪಿಂಡವೋ ಸೋತ ಹಿರಿಯರಿಗೆ ಎಚ್‌ಬಿಎ1ಸಿ ಎಂಟರ ಆಸುಪಾಸು ಇದ್ದರೂ ಸಾಕು. ಅವರನ್ನು ಆರೂವರೆಗೆ ಇಳಿಸಲು ಹೋದರೆ ಸಕ್ಕರೆ ಕುಸಿಯುವ ಅಪಾಯ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿ ಹೊಲಕ್ಕೆ ಹೋಗಿ, ಬುತ್ತಿ ಬರುವುದು ತಡವಾದಾಗ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದೇ ಅದು. ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟೂ ಬೆವರು, ನಡುಕ ಇಳಿಯದಿದ್ದರೆ ಮತ್ತೆ ಕುಡಿಸಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಇಂಥದ್ದು ಒಂದು ಸಲ ಆದರೂ ತಾರೀಕು ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡಾಕ್ಟರು ಮಾತ್ರೆ ಬದಲಿಸಲು ಅದೇ ಕಾರಣವಾಗಬೇಕು.

ಎಲ್ಲಿ, ಯಾವಾಗ

ಶುಗರ್, ಬಿಪಿ, ತಿಂಗಳ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ಹಲವು ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿನಲ್ಲಿವೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗೂ ಆಶಾ ಕಾರ್ಯಕರ್ತೆಗೂ ನಿಮ್ಮ ನೋಟ್‌ಬುಕ್ ತೋರಿಸಿ. ಯಾರ ಯಾವ ಪರೀಕ್ಷೆ ಬಾಕಿ ಎಂದು ನೆನಪಿಸಲು ಅವರಿಗಿಂತ ಹತ್ತಿರದವರು ಯಾರೂ ಇಲ್ಲ. ಎಚ್‌ಬಿಎ1ಸಿ, ಮೂತ್ರದ ಆಲ್ಬುಮಿನ್, ಕೊಲೆಸ್ಟ್ರಾಲ್ ಅಲ್ಲಿ ಆಗದಿದ್ದರೆ ಚೀಟಿ ಬರೆಸಿಕೊಂಡು ಮೊಳಕಾಲ್ಮುರು ಅಥವಾ ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ವಿಭಾಗ ಎಲ್ಲಿ ಎಂದು ಕೇಳಿ. ಕಣ್ಣಿಗೆ ಲೇಸರ್ ಬೇಕಾದರೆ, ಕಾಲಿನ ಗಾಯ ಆಳವಾಗಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಬಳ್ಳಾರಿಯ ದೊಡ್ಡ ಆಸ್ಪತ್ರೆಗೋ ಹೋಗಬೇಕಾದೀತು.

ಕಾಲವನ್ನೂ ನೋಡಿಕೊಳ್ಳಿ. ಶೇಂಗಾ ಬಿತ್ತನೆ ಶುರುವಾದರೆ ಯಾರೂ ಆಸ್ಪತ್ರೆ ಕಡೆ ಮುಖ ಹಾಕುವುದಿಲ್ಲ, ಕೀಳುವ ಹೊತ್ತಿನಲ್ಲಂತೂ ಕೇಳುವುದೇ ಬೇಡ. ವರ್ಷದ ಪರೀಕ್ಷೆಗಳನ್ನು ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ, ಒಂದೇ ಓಡಾಟದಲ್ಲಿ ಮುಗಿಸಿಕೊಂಡರೆ ಕೂಲಿಯೂ ಉಳಿಯುತ್ತದೆ. ಬಿತ್ತನೆ ಕಾಲಕ್ಕೆ ಬೇಕಾಗುವಷ್ಟು ಮಾತ್ರೆಯನ್ನು ಮೊದಲೇ ಕೇಳಿ ಪಡೆಯಿರಿ.

ಮುದ್ದೆ ಉಂಡರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆಯ ಬಗ್ಗೆಯೂ ಎರಡು ಮಾತು. ರಾಗಿಯಲ್ಲಿ ನಾರಿದೆ, ಸುಣ್ಣದಂಶವಿದೆ. ಅದು ಪಿಷ್ಟವೂ ಹೌದು. ಎರಡು ಮುದ್ದೆಯ ಜಾಗದಲ್ಲಿ ಒಂದು ಚಿಕ್ಕ ಮುದ್ದೆ, ಜೊತೆಗೆ ಹುರುಳಿ ಸಾರು, ಸೊಪ್ಪು, ಮೊಟ್ಟೆ, ಮಜ್ಜಿಗೆ ಎಂದು ಮಾಡಿಕೊಂಡರೆ ಹೊಟ್ಟೆಯೂ ತುಂಬುತ್ತದೆ. ನವಣೆ ಅನ್ನಕ್ಕೂ ಇದೇ ಅಳತೆ.

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ ಒಡಹುಟ್ಟಿದವರೂ 30 ದಾಟಿದ ಮಕ್ಕಳೂ ತಮ್ಮ ರಕ್ತ ನೋಡಿಸಿಕೊಳ್ಳಬೇಕು. ಬಸುರಿನಲ್ಲಿ ಶುಗರ್ ಬಂದು ಹೆರಿಗೆಯಾದ ಮೇಲೆ ಹೋಯಿತು ಎಂದವರು ಹೆರಿಗೆಯಾದ ಆರು ವಾರದ ಹೊತ್ತಿಗೆ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ, ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಂಡು ಚಿಕಿತ್ಸೆ ಶುರು ಮಾಡಬೇಕು. ಖಾಲಿ ಹೊಟ್ಟೆಯ ಅಂಕಿ 100ರಿಂದ 125ರ ನಡುವೆ ಇದ್ದವರು ತೂಕ ಇಳಿಸಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆದು, ವರ್ಷ ತಪ್ಪದೆ ನೋಡಿಸಿಕೊಳ್ಳುತ್ತಿರಬೇಕು. ಕೋಲಾರದಲ್ಲಿ 2024ರಲ್ಲಿ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರಿಗೆ ಮನೆ ಬಾಗಿಲಲ್ಲೇ ಈ ತಪಾಸಣೆ ನಡೆಯುತ್ತದೆ. ತಂಡ ನಿಮ್ಮ ಓಣಿಗೆ ಬಂದ ದಿನ ಹೊಲಕ್ಕೆ ಹೋಗಿದ್ದರೆ, ಸಂಜೆ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.